ಮಗ್ಗ ನಿಂತಾಗ ಕೇಳಿಸಿದ ಮಾತು

ನಮ್ಮಣ್ಣನ ಗುಟ್ಟು ರಟ್ಟು ಮಾಡಿದ್ದು ಕರೆಂಟು.

ಕಳೆದ ಭಾನುವಾರ ಜಮಖಂಡಿಯಿಂದ ಬಸ್ ಹತ್ತಿ ಬನಹಟ್ಟಿಯ ತವರಿಗೆ ಹೋಗಿದ್ದೆ. ಅಣ್ಣನದು ಪವರ್‌ಲೂಮ್ ಮನೆ. ಮುಂದೆ ಮಗ್ಗ, ಹಿಂದೆ ಸಂಸಾರ. ಮಗ್ಗ ನಡೆಯುವಾಗ ಪಕ್ಕದಲ್ಲಿ ನಿಂತವರಿಗೂ ಕಿವಿಯಲ್ಲಿ ಕೂಗಿ ಹೇಳಬೇಕು. (ನಾನು ಫೋನಿನಲ್ಲಿ ಮಾತಾಡಿದರೆ ಇಡೀ ಬಸ್ಸಿಗೆ ಕೇಳಿಸುವುದು ಅದಕ್ಕೇ.)

ಅಣ್ಣನ ಮಗಳು ಕಾವ್ಯಾ, ಏಳನೇ ಕ್ಲಾಸು. ನಾನು ಹೋದ ಕೂಡಲೇ ಗಣಿತದ ಟೆಸ್ಟ್ ಪೇಪರ್ ತಂದು ತೋರಿಸಿದಳು. ಇಪ್ಪತ್ತೈದಕ್ಕೆ ಇಪ್ಪತ್ತಮೂರು! ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಕೇಳಿದ, "ಉಳದ ಎರಡು ಎಲ್ಲಿ ಹೋದ್ವು?"

ಹುಡುಗಿ ಪೇಪರ್ ಮಡಚಿಕೊಂಡು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

ಶಾಲೆಯಲ್ಲಿ ಭಾಷಣ ಸ್ಪರ್ಧೆ ಇದೆಯಂತೆ. ಹೆಸರು ಕೊಡಲು ಸೋಮವಾರವೇ ಕೊನೆ. ಟೀಚರ್ ಎಷ್ಟು ಹೇಳಿದರೂ ಇವಳು ಒಲ್ಲೆ ಅಂದಿದ್ದಾಳೆ. ಯಾಕೆ?

"ನನಗೇನ್ ಬರತೈತಿ ಅತ್ತಿ? ಬೇಕಾದ್ರ ಅಪ್ಪನ್ನ ಕೇಳು" ಎಂದಳು.

ಮನೆಯಲ್ಲಿ ಪಟಪಟ ಮಾತಾಡುವ ಹುಡುಗಿ! ನೆಟ್ಟಗೆ ಮಗ್ಗದ ಕೋಣೆಗೆ ನುಗ್ಗಿದೆ.

"ಒಮ್ಮೆರ ಛಲೋ ಮಾಡಿದಿ ಅನ್ನಾಕ ನಿನಗೇನಾಗೇತಿ?" ಎಂದು ಅಣ್ಣನ ಕಿವಿಯಲ್ಲಿ ಕೂಗಿದೆ.

"ಮಕ್ಕಳನ್ನ ಅವರ ಮುಂದ ಹೊಗಳಬಾರದವಾ, ದೃಷ್ಟಿ ಆಕ್ಕೈತಿ!" ಅವನೂ ಕೂಗಿದ. ಬಾಗಿಲ ಕಡೆ ನೋಡಿ, ಮಗಳಿಲ್ಲ ಎಂದು ಖಾತ್ರಿ ಮಾಡಿಕೊಂಡು ಇನ್ನೂ ಜೋರಾಗಿ ಶುರು ಮಾಡಿದ. "ನನಗ ಗೊತ್ತಿಲ್ಲೇನು? ಈ ಓಣ್ಯಾಗ..."

ಕರೆಂಟ್ ಹೋಯಿತು. ಮಗ್ಗಗಳೆಲ್ಲ ಗಪ್ಪನೆ ನಿಂತವು. ಅಣ್ಣನ ಗಂಟಲು ಮಾತ್ರ ನಿಲ್ಲಲಿಲ್ಲ.

"...ನನ್ನ ಮಗಳಂಥಾ ಶಾಣ್ಯಾಕಿ ಯಾರದಾರ? ಆಕಿ ಮಾತಾಡಾಕ ನಿಂತ್ರ ನಾ ಮಗ್ಗ ಬಂದ್ ಮಾಡಿ ಕೇಳ್ತೇನಿ!"

ಓಣಿಗೆಲ್ಲ ಕೇಳಿಸಿತು. ಚಹಾ ತರುತ್ತಿದ್ದ ಕಾವ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಅಣ್ಣನ ಮುಖ ನೋಡಬೇಕಿತ್ತು! "ಈ ಕರೆಂಟಿಗೆ ಹೊತ್ತಿಲ್ಲ ಗೊತ್ತಿಲ್ಲ" ಎಂದು ಗೊಣಗುತ್ತಾ, ಹರಿಯದೇ ಇದ್ದ ಎಳೆಗೆ ಗಂಟು ಹಾಕಲು ಕುಳಿತ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅವನೊಬ್ಬನನ್ನೇ ಯಾಕೆ ಆಡಿಕೊಳ್ಳಲಿ? ಮಕ್ಕಳ ಗುಣಗಾನವನ್ನು ನಾವು ಬೀಗರ ಮುಂದೆ ಮಾಡುತ್ತೇವೆ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುತ್ತೇವೆ. ಸ್ಟೇಟಸ್ ಬೇರೆ ಹಾಕುತ್ತೇವೆ. ಮಗುವಿನ ಪಾಲಿಗೆ ಮಾತ್ರ ಆ ಉಳಿದ ಎರಡು ಮಾರ್ಕ್ಸು! ಎದೆಯಲ್ಲಿ ಪ್ರೀತಿ ಬೆಟ್ಟದಷ್ಟಿರಬಹುದು. ಬಾಯಿಗೆ ಬಾರದಿದ್ದರೆ ಆ ಕೂಸಿಗೆ ತಿಳಿಯುವುದು ಹೇಗೆ?

ಸೋಮವಾರ ಸಂಜೆ ಕಾವ್ಯಾಳ ಫೋನ್.

"ಅತ್ತಿ, ಹೆಸರು ಕೊಟ್ಟೇನಿ."

"ಸೋತ್ರ?" ಸುಮ್ಮನೆ ಕೆಣಕಿದೆ.

"ಸೋತ್ರ ಸೋತೆ ಬಿಡು. ನಾ ಶಾಣ್ಯಾಕಿ ಅಂತ ಓಣಿಗೆಲ್ಲ ಗೊತ್ತಾಗೇತಲ್ಲ!"

ಅಂದಹಾಗೆ, ನಿಮ್ಮ ಮನೆಯಲ್ಲಿ ಕರೆಂಟ್ ಹೋಗುವುದು ಯಾವಾಗ?