ಕೆದಕಿದ ನೆಲಸಂಪಿಗೆ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಐವತ್ತರ ದಶಕದ ಕೊನೆಗೆ, ಚಳಿಗಾಲದಲ್ಲಿ ಮದುವೆಯಾಗಿ ಹರಿಹರದಿಂದ ದಾವಣಗೆರೆಯ ಆನೆಕೊಂಡಕ್ಕೆ ಬಂದೆ. ಅವ್ವ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ನಾಲ್ಕು ನೆಲಸಂಪಿಗೆ ಗಡ್ಡೆ ಇಟ್ಟಿದ್ದಳು. ಅದು ಕಾಡಿನ ಗಿಡ, ನೆರಳೇ ಬೇಕು. ಚಳಿಗೆ ಎಲೆ ಒಣಗಿದರೆ ಗಿಡವಿದ್ದ ಗುರುತೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಎಲೆಗಿಂತ ಮುಂಚೆ ಹೂವೇ ನೆಲದಿಂದ ಏಳುತ್ತದೆ.

“ನಮ್ಮ ಹಿತ್ತಲದಾಗ ಇದು ಹೂ ಬಿಟ್ಟ ದಿನ ನಿಮ್ಮಪ್ಪನ್ನ ಕರಿಯಾಕ ಕಳಸ್ತೀನಿ,” ಎಂದಿದ್ದಳು ಅವ್ವ. ಅತ್ತೆಯೂ ಒಪ್ಪಿದ್ದರು. ಕರೆಯಲು ಯಾರೂ ಬರದೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ.

ಹರಿಹರ ರೈಲಿನಲ್ಲಿ ಅರ್ಧ ತಾಸಿನ ದಾರಿ. ಅಷ್ಟು ಹತ್ತಿರವಿದ್ದದ್ದೇ ನನ್ನನ್ನು ಹೆಚ್ಚು ಕಾಡಿತು. ರೈಲು ಕೂಗಿದಾಗಲೆಲ್ಲ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಗಡ್ಡೆಗಳನ್ನು ಬೇವಿನ ಬುಡದಲ್ಲಿ ಊರಿದ್ದೆ. ಇಲ್ಲಿ ಹೂ ಬಂದರೆ ಅಲ್ಲೂ ಬಂದಿರುತ್ತದೆ ಎಂಬುದು ನನ್ನ ಲೆಕ್ಕ. ಯುಗಾದಿ ಕಳೆಯಿತು, ಬಸವ ಜಯಂತಿಯೂ ಕಳೆಯಿತು. ಒಂದು ಮಧ್ಯಾಹ್ನ ತಡೆಯಲಾಗದೆ ಬೆರಳಿನಿಂದ ಮಣ್ಣು ಕೆದಕಿದೆ. ಗಡ್ಡೆಯ ನೆತ್ತಿಯ ಮೇಲೆ ಚೂಪನೆಯ ಮೊಗ್ಗು ಕಂಡಿತು. ಅಷ್ಟಕ್ಕೇ ಮುಚ್ಚಿ ಸುಮ್ಮನಾಗಬೇಕಿತ್ತು. ಆದರೆ ಮರುದಿನ ಎಷ್ಟು ಬೆಳೆದಿದೆಯೆಂದು ನೋಡಿದೆ, ಅದರ ಮರುದಿನವೂ ನೋಡಿದೆ. ವಾರದೊಳಗೆ ನಾಲ್ಕೂ ಮೊಗ್ಗು ಮುರಿದವು.

“ಒಲಿ ಮ್ಯಾಲಿನ ಅನ್ನ ಅಂತ ತಿಳಕಂಡ್ಯೇನವ್ವಾ, ಮುಚ್ಚಳ ತಗದು ತಗದು ನೋಡಾಕ?” ಎಂದರು ಅತ್ತೆ. ನನ್ನ ಕೈ ಮೇಲೆ ನನಗೇ ಸಿಟ್ಟು ಬಂದು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಗಡ್ಡೆಗಳನ್ನು ಮತ್ತೆ ಊರುತ್ತಿದ್ದಾಗ ಅಪ್ಪ ಬಂದ.

“ಹೊಂಡು ಊರಿಗೆ, ನಿಮ್ಮವ್ವನ ಗಿಡ ಹೂ ಬಿಟ್ಟೈತಂತೆ. ನಿಂದೂ ಬಿಟ್ತೇನು?”

“ಬಿಟ್ಟೈತೆ,” ಎಂದು ಸುಳ್ಳು ಹೇಳಿ, ಸರಿಯಾಗಿ ಕೈಯನ್ನೂ ತೊಳೆಯದೆ ಹೊರಟೆ. ಕೊಟ್ಟ ನಾಲ್ಕು ಗಡ್ಡೆಯನ್ನೂ ಹಾಳು ಮಾಡಿದೆನೆಂದು ಅವ್ವನಿಗೆ ಹೇಗೆ ಹೇಳುವುದು? ರೈಲಿನ ದಾರಿಯುದ್ದಕ್ಕೂ ಅದೇ ಸಂಕಟ.

ಮನೆ ಮುಟ್ಟಿದವಳೇ ಹಿತ್ತಲಿಗೆ ಹೋದೆ. ನಿಂಬೆಗಿಡದ ನೆರಳಿನಲ್ಲಿ ಒಂದು ಹೂವೂ ಇರಲಿಲ್ಲ. ಮಣ್ಣೆಲ್ಲ ಸಡಿಲಾಗಿತ್ತು, ಪಕ್ಕದಲ್ಲಿ ಮುರಿದ ಮೊಗ್ಗುಗಳು ಬಾಡಿ ಬಿದ್ದಿದ್ದವು.

ಅವ್ವ ಹಿಂದೆಯೇ ಬಂದು ನಿಂತಳು. “ಎಷ್ಟು ದಿನ ಅಂತ ಕಾಯಾದವ್ವಾ? ಬಂತೋ ಇಲ್ಲೋ ಅಂತ ದಿನಾ ಕೆದಕಿ ನೋಡಿದೆ, ಎಲ್ಲಾ ಮುರದುಬಿಟ್ವು. ಹೂ ಬಿಟ್ಟೈತೆ ಅಂತ ಸುಳ್ಳು ಹೇಳಿ ನಿಮ್ಮಪ್ಪನ್ನ ಕಳಿಸಿದೆ. ನಿಂದಾದ್ರೂ ಚಲೋ ಬಂದೈತಲ್ಲ?”

ನಾನು ಎರಡೂ ಕೈ ಚಾಚಿ ತೋರಿಸಿದೆ. ಉಗುರುಗಳಲ್ಲಿ ಆನೆಕೊಂಡದ ಮಣ್ಣು ಇನ್ನೂ ಹಾಗೇ ಇತ್ತು.