ಮೊದಲೇ ಯೋಚಿಸಿದವನು

ಇಂಗ್ಲಿಷಿನಲ್ಲಿ ‘ಮೆಡಿಟೇಟ್’ ಎಂದರೆ ಆಳವಾಗಿ ಆಲೋಚಿಸುವುದು. ಅದರ ಮುಂದೆ ‘ಪ್ರಿ’ ಸೇರಿ ‘ಪ್ರಿಮೆಡಿಟೇಟೆಡ್’ ಆದರೆ, ಮಾಡುವ ಮೊದಲೇ ಆಲೋಚಿಸಿದ್ದು ಎಂದರ್ಥ. ತುಮಕೂರಿನಲ್ಲಿ ಕೋರ್ಟ್ ವರದಿ ಮಾಡುವ ನಾನು ಅದನ್ನು ‘ಪೂರ್ವಯೋಜಿತ’ ಎಂದು ಬರೆಯುತ್ತೇನೆ. ಅಪರಾಧದ ಸುದ್ದಿಯಲ್ಲಲ್ಲದೆ ಬೇರೆಲ್ಲೂ ಬಳಸಿದ ನೆನಪಿಲ್ಲ.

ಹಾಗಲವಾಡಿ ಕಡೆಯ ಪ್ರಕರಣವೊಂದು ಪೂರ್ತಿ ಆ ಪದದ ಮೇಲೆ ನಿಂತಿತ್ತು. ಬದುವಿನ ಜಗಳದಲ್ಲಿ ಒಬ್ಬ ಪಕ್ಕದ ಹೊಲದವನನ್ನು ಮಚ್ಚಿನಿಂದ ಕಡಿದು ಕೊಂದಿದ್ದ. ಅದನ್ನು ಅವನ ವಕೀಲರೂ ಅಲ್ಲಗಳೆದಿರಲಿಲ್ಲ. ಆ ಗಳಿಗೆಯ ಸಿಟ್ಟಿನಲ್ಲಿ ಆಗಿಹೋಯಿತು ಎಂಬುದು ಅವರ ವಾದ. ಮನೆಗೆ ಹೋಗಿ, ಯೋಚಿಸಿ, ಮಚ್ಚು ಹಿಡಿದು ಬಂದ ಎಂಬುದು ಸರ್ಕಾರಿ ವಕೀಲರ ವಾದ. ಮೊದಲನೆಯದು ನಿಂತರೆ ಕೆಲವು ವರ್ಷಗಳಲ್ಲಿ ಮನೆಗೆ ಬರಬಹುದು. ಎರಡನೆಯದು ನಿಂತರೆ ಜೀವಾವಧಿ.

ಆ ದಿನ ಅವನ ತಾಯಿಯ ಸಾಕ್ಷಿ. ವರಾಂಡದಲ್ಲಿ ಅವನ ವಕೀಲರು ಆಕೆಗೆ ಹೇಳಿಕೊಡುತ್ತಿದ್ದರು. ನಾನು ಪಕ್ಕದ ಬೆಂಚಿನಲ್ಲಿದ್ದೆ.

“ಸಿಟ್ಟು ಬಂದ್ರೆ ಏನ್ ಮಾಡ್ತಾನೆ ಅಂತ ಅವ್ನಿಗೇ ಗೊತ್ತಾಗಲ್ಲ ಅನ್ನಿ ತಾಯಿ. ಅಷ್ಟೇ.”

“ಅಯ್ಯೋ, ಹಂಗೆಲ್ಲ ಇಲ್ಲ ಕಣಪ್ಪ. ಒಂದು ಹಸ ತಗಳಕ್ಕೆ ಮೂರು ಸಂತೆ ತಿರುಗ್ದೋನು ಅವ್ನು.”

“ಅದನ್ನ ಮಾತ್ರ ಒಳಗೆ ಹೇಳ್ಬೇಡಿ!”

“ಹೆಣ್ಣು ಕೇಳಕ್ಕೋದಾಗ ಗುಣವಂತ ಅಂದಿದ್ದೆ. ಈಗ ಜಡ್ಜ್ ಮುಂದೆ ಮುಂಗೋಪಿ ಅನ್ಲಾ? ಸೊಸೆನೂ ಬಂದವ್ಳೆ.”

“ಸೊಸೆಗೆ ಆಮೇಲೆ ನಾನ್ ಹೇಳ್ತೀನಿ ಬಿಡಿ.”

ಆಕೆ ಒಪ್ಪಿದರು. ಒಳಗೆ ಮಗನ ವಕೀಲರು ಕೇಳಿದ್ದಕ್ಕೆ ಹೇಳಿಕೊಟ್ಟಂತೆಯೇ ಉತ್ತರಿಸಿದರು, ದನಿ ಮಾತ್ರ ಏಳಲಿಲ್ಲ. ಪಾಟೀಸವಾಲಿಗೆ ಎದ್ದ ಸರ್ಕಾರಿ ವಕೀಲರು ಗದರಿಸಲಿಲ್ಲ. ತೀರ ಮೃದುವಾಗಿ, “ಅಂದ್ರೆ ನಿಮ್ಮ ಮಗ ತಲೆ ಇಲ್ಲದ ಪುಂಡ ಅಂತಾಯ್ತಲ್ಲಮ್ಮ?” ಎಂದರು.

ಮಗನ ವಕೀಲರು ಆಕ್ಷೇಪಿಸಲು ಏಳುವಷ್ಟರಲ್ಲಿ ಆಕೆ ಕಟಕಟೆ ಹಿಡಿದು ನೆಟ್ಟಗಾದರು.

“ಪುಂಡ ಅನ್ಬೇಡಿ ಸ್ವಾಮಿ. ಆವತ್ತೂ ಜಗಳ ಆದ್ಮೇಲೆ ಮನೆಗ್ ಬಂದು ಜಗಲಿ ಮೇಲೆ ಕೂತ್ಕಂಡ. ಬಡಿಸಿದ್ರೂ ಉಣ್ಲಿಲ್ಲ. ಬಾಳ ಹೊತ್ತು ಯೋಚ್ನೆ ಮಾಡ್ದ. ಆಮೇಲೇ ಎದ್ದೋಗಿದ್ದು.”

ನ್ಯಾಯಾಧೀಶರು ಅದನ್ನು ನಿಧಾನವಾಗಿ ಹೇಳಿ ಟೈಪ್ ಮಾಡಿಸಿದರು. ಆರೋಪಿ ತಲೆಯೆತ್ತಿ ತಾಯಿಯನ್ನು ನೋಡಿ, ಹೌದೆಂಬಂತೆ ತಲೆದೂಗಿದ. ಸರ್ಕಾರಿ ವಕೀಲರು ಮತ್ತೇನೂ ಕೇಳದೆ ಕುಳಿತರು.

ಹೊರಗೆ ಬಂದ ಆಕೆಯ ಮುಖ ಹಗುರವಾಗಿತ್ತು. ಮಗನ ವಕೀಲರು ಮೆಟ್ಟಿಲಿಳಿದು ಹೋದರು. ಆಕೆ ನನ್ನ ಕಡೆ ತಿರುಗಿದರು.

“ಅವ್ನ ಮಾನ ಉಳಿಸ್ದೆ ಅಲ್ವೇನಪ್ಪ? ಪೇಪರ್ನಾಗೂ ಹಂಗೇ ಹಾಕು.”

ಒಂದಕ್ಷರ ಬದಲಿಸದೆ ಹಾಕಿದೆ.