ಚಂದ್ರನವರೆಗೆ ಹೋದ ಬೆಸುಗೆ

ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಟೆಲಿಫೋನು ತಯಾರಿಸುವ ಕಾರ್ಖಾನೆಯ ಬೆಸುಗೆ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು. ಬೆಸುಗೆ ಐರನ್ನಿನ ಕಾದ ತುದಿ ತಂತಿಗೆ ತಾಗಿದೊಡನೆ ಅವಳು ನೀರಿಗೆ ಮುಳುಗುವವಳಂತೆ ಉಸಿರು ಬಿಗಿಹಿಡಿಯುತ್ತಿದ್ದಳು. ಅದಕ್ಕೇ ಜೊತೆಗಾರ್ತಿಯರು ಅವಳಿಗೆ 'ಮುಳುಗಕ್ಕ' ಎಂದು ಹೆಸರಿಟ್ಟಿದ್ದರು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಚೆನ್ನಾಗಿರುವ ಟಾರ್ಚನ್ನೂ ಬಿಚ್ಚಿ ನೋಡುವಳು.

"ಈ ಮನೇಲಿ ಇವಳು ಬಿಚ್ಚದೆ ಇರೋದು ನನ್ನೊಬ್ಬನ್ನೇ," ಎಂದು ದೊಡ್ಡಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ನಾವಿದ್ದ ಕಟ್ಟಡದ ಮೇಲಂತಸ್ತಿನಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ಹವ್ಯಾಸಿ ರೇಡಿಯೊದ ಲೈಸೆನ್ಸು ಪಡೆದವರು. ತಾರಸಿಯ ಮೇಲೆ ತಂತಿಬಲೆಯ ದೊಡ್ಡ ಬಟ್ಟಲಿನಂಥ ಆಂಟೆನಾ ಒಂದನ್ನು ಕಟ್ಟಿ ನಿಲ್ಲಿಸಿದ್ದರು. ಅದರಡಿ ನಾಲ್ಕು ಜನ ಕಾಲು ಚಾಚಿ ಮಲಗಬಹುದಿತ್ತು. ಚಂದ್ರನಿಗೆ ಗುರಿಯಿಟ್ಟು ರೇಡಿಯೊ ಸದ್ದನ್ನು ಕಳಿಸಬೇಕು, ಅದು ಅಲ್ಲಿ ಬಡಿದು ವಾಪಸ್ಸು ಬಂದದ್ದನ್ನು ಕಿವಿಯಾರೆ ಕೇಳಬೇಕು ಎಂಬುದು ಅವರ ಹಟ. ಎರಡು ವರ್ಷದಿಂದ ಕಳಿಸುತ್ತಲೇ ಇದ್ದರು. ಬರುತ್ತಿದ್ದುದು ಸುಯ್ ಎಂಬ ಬರೀ ಗದ್ದಲ.

ಒಂದು ಮಧ್ಯಾಹ್ನ ದೊಡ್ಡಮ್ಮ ಒಣಗಿದ ಬಟ್ಟೆ ತರಲು ತಾರಸಿಗೆ ಹೊರಟಳು. ಬಕೆಟ್ಟು ಹಿಡಿದು ನಾನೂ ಹಿಂದೆ ಹೋದೆ. ಮೇಷ್ಟ್ರು ಬಟ್ಟಲಿನ ಕೇಬಲ್ಲಿನ ತುದಿಯ ಕನೆಕ್ಟರನ್ನು ಬಿಚ್ಚಿಟ್ಟುಕೊಂಡು ತಲೆ ಕೆರೆಯುತ್ತಿದ್ದರು. ದೊಡ್ಡಮ್ಮ ಕೈಯಲ್ಲಿದ್ದ ಸೀರೆಯನ್ನು ನನ್ನ ಹೆಗಲಿಗೆಸೆದು ಬಗ್ಗಿ ನೋಡಿದಳು.

"ಇದನ್ನ ಯಾರು ಮಾಡಿದ್ದು?"

"ನಾನೇ ಅಮ್ಮಾ. ಯಾಕೆ?"

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇದು ಬೆಸುಗೆ ಅಲ್ಲ, ಅಂಟು."

ಮೇಷ್ಟ್ರ ಮುಖ ಕೆಂಪಾಯಿತು. ಆದರೂ ಅವರದು ದೊಡ್ಡ ಮನಸ್ಸು. "ಹಾಗಾದ್ರೆ ತೋರಿಸಿ," ಎಂದು ಕುರ್ಚಿ ಬಿಟ್ಟುಕೊಟ್ಟರು.

ಕೇಬಲ್ಲಿನ ನಡುವೆ ತಾಮ್ರದ ಒಂದು ಎಳೆ, ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಮೇಲೆ ಹೆಣೆದ ತಂತಿಯ ಜಾಲರಿ, ಎಲ್ಲದರ ಮೇಲೆ ಕಪ್ಪು ಕವಚ. ನಡುವಿನ ಎಳೆಯನ್ನು ಕನೆಕ್ಟರಿನ ಸಣ್ಣ ಪಿನ್ನಿನೊಳಗೆ ಕೂರಿಸಿ, ಪಿನ್ನಿನ ಪಕ್ಕದ ಸಾಸಿವೆಯಷ್ಟು ತೂತಿನಿಂದ ಬೆಸುಗೆಯ ತವರವನ್ನು ಕರಗಿಸಿ ಒಳಗೆ ಹರಿಸಬೇಕು. ಬಿಸಿ ಕಮ್ಮಿಯಾದರೆ ತವರ ಹಿಡಿಯದು. ಜಾಸ್ತಿಯಾದರೆ ಪ್ಲಾಸ್ಟಿಕ್ಕು ಕರಗಿ ಎಳೆ ನಡುವಿನಿಂದ ಸರಿಯುತ್ತದೆ. ಚಂದ್ರನಿಂದ ಮರಳುವ ಸದ್ದು ಎಷ್ಟು ಬಡಕಲೆಂದರೆ, ಇಂಥ ಒಂದು ಕೆಟ್ಟ ಕೀಲು ಸಾಕು ಅದನ್ನು ನುಂಗಿ ನೀರು ಕುಡಿಯಲು. ಮೇಷ್ಟ್ರ ಬಳಿ ಅಂಥವು ಆರಿದ್ದವು.

ನಾಲ್ಕು ದಿನ ದೊಡ್ಡಮ್ಮ ಮೇಷ್ಟ್ರ ರೇಡಿಯೊ ಕೋಣೆಯಲ್ಲೇ ಬೀಡುಬಿಟ್ಟಳು. ಗಾಳಿ ತಾಗದಂತೆ ಕಿಟಕಿ ಮುಚ್ಚಿದಳು. ಜಾಲರಿಯ ಸಿಕ್ಕನ್ನು ಹಳೇ ಬಾಚಣಿಗೆಯಿಂದ ಬಿಡಿಸಿದಳು. "ತವರಾನ ಐರನ್ನಿಗೆ ಇಡಬೇಡಿ, ಪಿನ್ನಿಗೆ ಇಡಿ. ಪಿನ್ನು ಬಿಸಿಯಾದ್ರೆ ಅದೇ ಕರೆದುಕೊಳ್ಳುತ್ತೆ," ಎಂದಳು. ತವರ ತೂತಿನೊಳಗೆ ಸರ್ರನೆ ಇಳಿದು ಹೊಳೆಯುವುದನ್ನು ನಾನು ಭೂತಗನ್ನಡಿಯಲ್ಲಿ ನೋಡಿದೆ. ಮೇಷ್ಟ್ರು ಊದಿ ಆರಿಸಲು ಬಾಯಿ ತಂದಾಗ ಅವರ ಮೂಗಿನ ಮುಂದೆ ಅಂಗೈ ಅಡ್ಡ ಹಿಡಿದಳು. "ಅದರ ಪಾಡಿಗೆ ಅದು ಆರಲಿ. ಅಲುಗಿದ್ರೆ ಬೂದಿ ಬಣ್ಣಕ್ಕೆ ತಿರುಗುತ್ತೆ."

"ಮೇಡಂ ಇವತ್ತು ಚಂದ್ರನಿಗೆ ಫೋನ್ ಮಾಡ್ತಾರಾ?" ಎಂದು ದೊಡ್ಡಪ್ಪ ದಿನಾ ಕೆಣಕುತ್ತಿದ್ದರು.

ಐದನೆಯ ದಿನ ಸಂಜೆ ಐದಕ್ಕೆ, ಬೆಳಕು ಇನ್ನೂ ಚೆನ್ನಾಗಿರುವಾಗಲೇ, ನೀರಿನ ಟ್ಯಾಂಕಿನ ಮೇಲೆ ಚಂದ್ರ ತೆಳ್ಳಗೆ, ಅಳಿಸಿದ ಸೀಮೆಸುಣ್ಣದ ಗುರುತಿನಂತೆ ಕಾಣುತ್ತಿದ್ದ. ಮೇಷ್ಟ್ರು ಬಟ್ಟಲನ್ನು ಅತ್ತ ತಿರುಗಿಸಿ ಕೋಣೆಗೆ ಬಂದು ಕೂತರು. ಚುಕ್ಕೆ-ಗೆರೆಗಳ ಸಂಕೇತ ಕಳಿಸುವ ಮೋರ್ಸ್ ಕೀಲಿಯನ್ನು ಒತ್ತಿ ಬಿಟ್ಟರು. 'ಟೀ' ಎಂದಿತು.

ಸುಯ್ ಎಂಬ ಗದ್ದಲ. ಯಾರೂ ಅಲುಗಲಿಲ್ಲ. ಎರಡೂವರೆ ಸೆಕೆಂಡು.

ಆಮೇಲೆ, ಗದ್ದಲದ ತಳದಿಂದ, ತೀರಾ ಸಣ್ಣಗೆ, 'ಟೀ'.

ಮೇಷ್ಟ್ರು ಕುರ್ಚಿಯಿಂದ ಎದ್ದುಬಿಟ್ಟರು.

"ಇದು... ಹೋಗಿ ಬಂತಾ?" ದೊಡ್ಡಮ್ಮ ಪಿಸುಗುಟ್ಟಿದಳು.

"ಹೋಗಿ ಬಂತಮ್ಮಾ. ಏಳೂವರೆ ಲಕ್ಷ ಕಿಲೋಮೀಟರ್ರು."

"ಇನ್ನೊಂದ್ಸಲ ಒತ್ತಿ."

ಒತ್ತಿದರು. ಬಂತು. ಮತ್ತೆ ಒತ್ತಿದರು. ಮತ್ತೆ ಬಂತು. ಅಷ್ಟರಲ್ಲಿ ಕಾಫಿಗೆ ಕರೆಯಲು ಮೇಲೆ ಬಂದ ದೊಡ್ಡಪ್ಪ ಬಾಗಿಲಲ್ಲೇ ನಿಂತರು. ಏನೋ ಹೇಳಲು ಬಾಯಿ ತೆರೆದವರು ಎರಡನೆಯ 'ಟೀ' ಕೇಳಿ ಹಾಗೇ ಮುಚ್ಚಿಕೊಂಡರು. ಚಪ್ಪಲಿ ಕಳಚಿಟ್ಟು, ಸದ್ದಾಗದಂತೆ ಒಳಗೆ ಬಂದು ನೆಲದ ಮೇಲೆ ಕೂತರು.

ಮೇಷ್ಟ್ರು ಕೀಲಿಯನ್ನು ಅವಳ ಕೈಗೆ ಕೊಡುವಂತಿರಲಿಲ್ಲ. ಅದಕ್ಕೆ ಲೈಸೆನ್ಸು ಬೇಕು. ಮರುದಿನದಿಂದಲೇ ದೊಡ್ಡಮ್ಮ ಲೈಸೆನ್ಸಿನ ಪರೀಕ್ಷೆಗೆ ಓದಲು ಶುರುಮಾಡಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಚಮಚದಿಂದ ಮೋರ್ಸ್ ಕುಟ್ಟಿ ಕುಟ್ಟಿ ನಮ್ಮ ನಿದ್ದೆಗೆಲ್ಲ ಕಲ್ಲು ಹಾಕಿದಳು. ಒಮ್ಮೆ ನಪಾಸಾದಳು. ಅರವತ್ತೆರಡನೆಯ ವಯಸ್ಸಿನಲ್ಲಿ, ಎರಡನೆಯ ಸಲಕ್ಕೆ, ಪಾಸಾದಳು.

ಲೈಸೆನ್ಸು ಬಂದ ವಾರ ಒಂದು ಬೆಳಿಗ್ಗೆ, ಚಂದ್ರ ಪಶ್ಚಿಮಕ್ಕೆ ಇಳಿಯುತ್ತಿದ್ದಾಗ, ಅವಳೇ ಕೀಲಿಯ ಮುಂದೆ ಕೂತಳು. ಲೈಸೆನ್ಸಿನ ಜೊತೆ ತನಗೆ ಕೊಟ್ಟ ರೇಡಿಯೊ ಗುರುತಿನ ಕೊನೆಯ ಎರಡು ಅಕ್ಷರಗಳನ್ನು ಒತ್ತಿ ಕೈ ತೆಗೆದಳು. ಕೊನೆಯ ಗೆರೆಯನ್ನು ಕೊಂಚ ಎಳೆಯುವುದು ಅವಳ ಅಭ್ಯಾಸ. ಮೇಷ್ಟ್ರು ಎಷ್ಟು ತಿದ್ದಿದರೂ ಹೋಗಿರಲಿಲ್ಲ. ಗದ್ದಲದೊಳಗಿಂದ ಎರಡಕ್ಷರ ತೇಲಿಬಂದವು. ಕೊನೆಯ ಗೆರೆ ಕೊಂಚ ಎಳೆದೇ ಇತ್ತು.

ದೊಡ್ಡಮ್ಮ ಹಿಂದೆ ಕೂತಿದ್ದ ದೊಡ್ಡಪ್ಪನ ಕಡೆ ತಿರುಗಿದಳು. ಕಣ್ಣು ಚಿಕ್ಕ ಮಕ್ಕಳ ಹಾಗೆ ಅರಳಿತ್ತು.

"ರೀ, ಅದು ನನ್ನ ಕೈಯೇ," ಎಂದಳು.